ಚಾರ್ಜರ್‌ಗೆ ಕಾಣದ ಸೆಲ್

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎಲೆಕ್ಟ್ರಿಕ್ ಸೈಕಲ್ಲೋ ಸ್ಕೂಟರೋ ಇಟ್ಟುಕೊಂಡವರು ಸ್ವಲ್ಪ ಕಿವಿಗೊಡಿ. ನಿಮ್ಮದು ಲಿಥಿಯಂ ಬ್ಯಾಟರಿಯಾದರೆ ಅದರೊಳಗೆ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್ ಇರುತ್ತದೆ. ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಬಿಎಂಎಸ್. ಚಾರ್ಜರ್ ನೋಡುವುದು ಒಟ್ಟು ವೋಲ್ಟೇಜನ್ನು ಮಾತ್ರ. ಒಂದೊಂದು ಸೆಲ್ಲನ್ನೂ ಬಿಡಿಬಿಡಿಯಾಗಿ ನೋಡುವುದು ಬಿಎಂಎಸ್.

ನನ್ನ ಸ್ನೇಹಿತರೊಬ್ಬರು ಸೈಕಲ್ ಬ್ಯಾಟರಿ ತಂದಿದ್ದರು. "ಚಾರ್ಜ್ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಬೋರ್ಡನ್ನೇ ಬೈಪಾಸ್ ಮಾಡಿಸಿದೆ. ಈಗ ಫುಲ್ ಆಗುತ್ತೆ, ಆದ್ರೆ ಒಂದು ಮೂಲೆ ಬಿಸಿಯಾಗುತ್ತೆ" ಅಂದರು. ನನಗೆ ಎದೆ ಝಲ್ಲೆಂದಿತು. ಬಿಚ್ಚಿ ನೋಡಿದೆ. ಒಂದರ ಹಿಂದೊಂದು 13 ಸೆಲ್. ಚಾರ್ಜರ್ ಹಾಕಿ ಮಲ್ಟಿಮೀಟರ್ ಹಿಡಿದರೆ ಒಟ್ಟು 54.6 ವೋಲ್ಟ್. ತುಂಬಿದ ಸೆಲ್ಲಿನ ಮಿತಿ 4.2, ಅದರಂತೆ ಲೆಕ್ಕ ಸರಿಯೇ ಇದೆ, ಅಲ್ವಾ? ಆಮೇಲೆ ಒಂದೊಂದನ್ನೇ ಅಳೆದೆ. 4.18, 4.18, ಮತ್ತೆ 4.18. ಹನ್ನೆರಡೂ ಹಾಗೆಯೇ. ಹದಿಮೂರನೆಯದು 4.44! ತಕ್ಷಣ ಪ್ಲಗ್ ಕಿತ್ತೆ.

ಆ ಸೆಲ್ ಸವೆದಿತ್ತು. ಸಣ್ಣ ಲೋಟ ಬೇಗ ತುಂಬುವ ಹಾಗೆ ಅದು ಉಳಿದವುಗಳಿಗಿಂತ ಮೊದಲೇ ತುಂಬುತ್ತಿತ್ತು. ಬಿಎಂಎಸ್ ಅದನ್ನು ಕಂಡೇ ಚಾರ್ಜ್ ನಿಲ್ಲಿಸುತ್ತಿತ್ತು. ಅದು ಬೋರ್ಡಿನ ತಪ್ಪಲ್ಲ, ಬೋರ್ಡಿನ ಕೆಲಸ! ಮಿತಿ ಮೀರಿ ತುಂಬಿದ ಸೆಲ್ಲಿನೊಳಗೆ ದ್ರಾವಣ ಒಡೆದು ಗ್ಯಾಸ್ ಏಳುತ್ತದೆ, ಬಿಸಿ ಏರುತ್ತದೆ, ಕೊನೆಗೆ ಬೆಂಕಿ. ಚಾರ್ಜರ್‌ಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೆ 54.6 ಕಂಡರೆ ಸಾಕು.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮುಂದೆ ಓಡಿದ ಸೆಲ್ಲಿನಿಂದ ಬಿಎಂಎಸ್ ಸ್ವಲ್ಪ ಕರೆಂಟನ್ನು ಒಂದು ರೆಸಿಸ್ಟರ್ ಮೂಲಕ ಸೋರಿಸಿ ಎಲ್ಲವನ್ನೂ ಸಮಕ್ಕೆ ತರುತ್ತದೆ. ಇದೇ ಬ್ಯಾಲೆನ್ಸಿಂಗ್. ಇದು ನಡೆಯುವುದು ಹೆಚ್ಚಾಗಿ ಚಾರ್ಜಿನ ಕೊನೆಯಲ್ಲಿ, ಅದೂ ನಿಧಾನವಾಗಿ. ಹಾಗಾಗಿ ಯಾವಾಗಲೂ ಅರ್ಧಕ್ಕೇ ಪ್ಲಗ್ ಕೀಳಬೇಡಿ. ಇನ್ನು ಚಳಿ. 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಒಳ್ಳೆಯ ಬಿಎಂಎಸ್ ಆಗಲೂ ತಡೆಯುತ್ತದೆ.

ಚಾರ್ಜ್ ಬೇಗ ನಿಲ್ಲುತ್ತಿದೆಯಾ? ಸೆಲ್‌ಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿಸಿ. ಬೈಪಾಸ್ ಮಾತ್ರ ಬೇಡ, ದಯವಿಟ್ಟು. ನನ್ನ ಸ್ನೇಹಿತರು ಆ ಸೆಲ್ ಬದಲಾಯಿಸಿ, ಬೋರ್ಡನ್ನು ಮತ್ತೆ ಜೋಡಿಸಿಕೊಂಡರು. ನಮಸ್ಕಾರ.