ಕೀಲುನೋವಿಗೆ ಹೋಮಿಯೋಪತಿ: ಜೊತೆಗಿರಲಿ, ಬದಲಿಗೆ ಬೇಡ

ಚಿಕ್ಕಬಳ್ಳಾಪುರದ ಹಿರಿಯರೇ, ತಾಯಂದಿರೇ, ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆಯಿಂದ ಮಂಡಿನೋವನ್ನೂ ಲೆಕ್ಕಿಸದೆ ಬಸ್ಸು ಹತ್ತಿ ಬಂದಿರುವ ಎಲ್ಲರಿಗೂ ನಮಸ್ಕಾರ.

‘ಕೀಲುನೋವಿಗೆ ಹೋಮಿಯೋಪತಿ ತಗೋಬಹುದಾ?’ ಎಂದು ಯಾರಾದರೂ ಕೇಳಿದರೆ ನಾವು ಮೊದಲು ತಿರುಗಿ ಕೇಳುವುದು ಒಂದೇ ಮಾತು: ಯಾವ ಕೀಲುನೋವು? ನಮ್ಮ ಕಡೆ ಎಲ್ಲಕ್ಕೂ ‘ವಾಯು’ ಎಂದು ಒಂದೇ ಹೆಸರು. ಆದರೆ ಮಂಡಿ ಸವೆದು ಬರುವ ನೋವು ಬೇರೆ, ಮೈಯ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ಬೇರೆ, ಯೂರಿಕ್ ಆಮ್ಲದ ಹರಳು ಕೂತು ಹೆಬ್ಬೆರಳ ಬುಡ ಕೆಂಡದಂತೆ ಉರಿಯುವ ಗೌಟ್ ಬೇರೆ. ಚಿಕನ್‌ಗುನ್ಯಾ ಬಿಟ್ಟುಹೋಗುವ ನೋವು ಮತ್ತೂ ಬೇರೆ. 2006ರಲ್ಲಿ ಆ ಜ್ವರ ನಮ್ಮ ರಾಜ್ಯವನ್ನು ಹೇಗೆ ಮಲಗಿಸಿತು ಎಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು.

ಇವನ್ನು ಬೇರ್ಪಡಿಸಲು ಮನೆಯಲ್ಲೇ ಕೇಳಿಕೊಳ್ಳಬಹುದಾದ ಪ್ರಶ್ನೆ ಒಂದಿದೆ. ಬೆಳಿಗ್ಗೆ ಎದ್ದಾಗ ಕೀಲಿನ ಬಿಗಿತ ಎಷ್ಟು ಹೊತ್ತು ಇರುತ್ತದೆ? ನಾಲ್ಕು ಹೆಜ್ಜೆ ಓಡಾಡಿ ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಹೆಚ್ಚಾಗಿ ಸವಕಳಿ. ಒಂದು ಗಂಟೆ ಮೀರಿದರೂ ಮುಷ್ಟಿ ಕಟ್ಟಲಾಗದಿದ್ದರೆ, ಎರಡೂ ಕೈಯ ಬೆರಳ ಗೆಣ್ಣುಗಳು ಊದಿಕೊಂಡಿದ್ದರೆ, ಇಎಸ್ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ರಕ್ತಪರೀಕ್ಷೆಗಳನ್ನು ಮುಂದೂಡಬೇಡಿ. ರುಮಟಾಯ್ಡ್‌ಗೆ ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧ ಶುರುವಾಗಬೇಕು. ಸವೆದ ಮೂಳೆ ಮತ್ತೆ ಬೆಳೆಯುವುದಿಲ್ಲ. ‘ಆರು ತಿಂಗಳು ಗುಳಿಗೆ ತಗೊಂಡು ನೋಡೋಣ’ ಎಂದು ಕಾದವರ ಬೆರಳುಗಳು ಸೊಟ್ಟಗಾದಮೇಲೆ ಯಾವ ಪದ್ಧತಿಯೂ ಅವನ್ನು ನೆಟ್ಟಗೆ ಮಾಡಲಾರದು.

ನಮ್ಮ ಬಯಲುಸೀಮೆಗೆ ಇನ್ನೊಂದು ಕಾರಣವೂ ಇದೆ: ನೀರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಇಲ್ಲೆಲ್ಲ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದಾಗಲೂ 1.5 ದಾಟಬಾರದು. ಹೆಚ್ಚಾದದ್ದು ವರ್ಷಗಟ್ಟಲೆ ಮೂಳೆಯಲ್ಲಿ ಕೂತು ಕತ್ತು, ಬೆನ್ನು ಬಿಗಿಯುತ್ತದೆ. ನೋಡುವವರಿಗೆ ಅದೂ ಸಂಧಿವಾತದಂತೆಯೇ ಕಾಣುತ್ತದೆ. ಮನೆಯ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಪಟ್ಟೆಗಳಿದ್ದರೆ ಅಜ್ಜಿಯ ಬೆನ್ನುನೋವಿಗೂ ಅದೇ ಕೊಳವೆಬಾವಿ ಕಾರಣವೇ ಎಂದು ವಿಚಾರಿಸಿ, ನೀರು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಾಢವಾಗುತ್ತದೆ. ಕ್ಯಾಂಡಲ್ ಫಿಲ್ಟರ್‌ಗೂ ಅದು ಸಿಗುವುದಿಲ್ಲ. ಆರ್‌ಒ ಘಟಕದ ನೀರು ಅಥವಾ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಬೇಕು. ಫ್ಲೋರೈಡ್ ನೀರನ್ನೇ ಕುಡಿಯುತ್ತ ಗುಳಿಗೆ ನುಂಗಿದರೆ ಪ್ರಯೋಜನವೇನು?

ಈಗ ಗುಳಿಗೆಯ ವಿಷಯಕ್ಕೆ ಬರೋಣ. ಜರ್ಮನಿಯ ಸ್ಯಾಮ್ಯುಯೆಲ್ ಹಾನೆಮನ್ 1796ರಲ್ಲಿ ಮುಂದಿಟ್ಟ ಪದ್ಧತಿ ಇದು. ಕೀಲುನೋವಿಗೆ ಹೆಚ್ಚು ಕೊಡುವುದು ರಸ್ ಟಾಕ್ಸ್ ಮತ್ತು ಬ್ರಯೋನಿಯಾ. ಮೊದಲ ಚಲನೆಗೆ ನೋವು ಜಾಸ್ತಿಯಾಗಿ ಓಡಾಡುತ್ತ ಸಡಿಲವಾದರೆ, ಥಂಡಿಗೆ ಹೆಚ್ಚಾದರೆ ರಸ್ ಟಾಕ್ಸ್. ಕೊಂಚ ಅಲುಗಾಡಿದರೂ ನೋವು ಏರಿ, ಒತ್ತಿ ಹಿಡಿದು ಸುಮ್ಮನೆ ಮಲಗಿದರೆ ಹಿತವೆನಿಸಿದರೆ ಬ್ರಯೋನಿಯಾ. ಬಾಟಲಿಯ ಮೇಲೆ 30ಸಿ ಎಂದು ಬರೆದಿದ್ದರೆ ಒಂದು ಭಾಗ ಮದ್ದಿಗೆ 99 ಭಾಗ ದ್ರವ ಬೆರೆಸಿ ಕುಲುಕುವುದನ್ನು ಒಂದರ ಮೇಲೊಂದರಂತೆ 30 ಸಲ ಮಾಡಿದ್ದಾರೆ ಎಂದರ್ಥ. ಸುಮಾರು 12ನೇ ಸಲಕ್ಕೇ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಮುಗಿಯುತ್ತದೆ. ಆಮೇಲೆ ಗುಳಿಗೆಯಲ್ಲಿರುವುದು ಸಕ್ಕರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಸಂಶೋಧನೆಗಳನ್ನೆಲ್ಲ ಜಾಲಾಡಿ, ಹೋಮಿಯೋಪತಿ ಕೆಲಸ ಮಾಡುತ್ತದೆ ಎನ್ನಲು ನಂಬತಕ್ಕ ಪುರಾವೆ ಇರುವ ಕಾಯಿಲೆ ಒಂದೂ ಸಿಗಲಿಲ್ಲ ಎಂದು 2015ರಲ್ಲಿ ಹೇಳಿತು. ಇದನ್ನು ನಿಮ್ಮಿಂದ ಮುಚ್ಚಿಟ್ಟು ಮಾತಾಡುವುದು ನಮಗೆ ಸಾಧ್ಯವಿಲ್ಲ.

ಹಾಗಾದರೆ ಗುಣ ಕಂಡವರು ಸುಳ್ಳು ಹೇಳುತ್ತಾರೆಯೇ? ಖಂಡಿತ ಇಲ್ಲ. ಇಂಗ್ಲೆಂಡಿನಲ್ಲಿ 83 ಜನ ರುಮಟಾಯ್ಡ್ ರೋಗಿಗಳ ಮೇಲೆ 24 ವಾರ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಎಲ್ಲರೂ ತಮ್ಮ ಎಂದಿನ ಔಷಧ ಮುಂದುವರಿಸಿದ್ದರು. ಕೆಲವರಿಗೆ ಹೋಮಿಯೋಪತಿ ವೈದ್ಯರ ದೀರ್ಘ ಸಮಾಲೋಚನೆ ಸಿಕ್ಕಿತು, ಕೆಲವರಿಗೆ ಬರೀ ಗುಳಿಗೆ. ಗುಳಿಗೆ ನಿಜವಾದದ್ದೋ ಹುಸಿಯೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಕೂತು ಮಾತಾಡಿಸಿದವರಿಗೆ ಮಾತ್ರ ಗುಣ ಹೆಚ್ಚು ಕಂಡಿತು. ನೋವು ಯಾವಾಗ ಏರುತ್ತದೆ, ನಿದ್ದೆ ಹೇಗಿದೆ, ಮನೆಯಲ್ಲಿ ಏನು ಚಿಂತೆ ಎಂದು ಒಬ್ಬರು ಮುಖ ನೋಡಿ ಕೇಳುವುದೇ ದೊಡ್ಡದು. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ಕಡೆ ಅದು ಸಿಗುವುದಿಲ್ಲ. ಇನ್ನೊಂದು ಸಂಗತಿ: ಕೀಲುನೋವು ತಾನಾಗಿಯೇ ಏರಿಳಿಯುವಂಥದ್ದು. ತೀರಾ ತಡೆಯಲಾಗದಾಗ ಮದ್ದಿಗೆ ಹೋಗುತ್ತೇವೆ, ಆಮೇಲೆ ಇಳಿದದ್ದರ ಕೀರ್ತಿ ಕೊನೆಗೆ ತೆಗೆದುಕೊಂಡ ಮದ್ದಿಗೆ ಹೋಗುತ್ತದೆ.

ಆದ್ದರಿಂದ ಬಿಎಚ್ಎಂಎಸ್, ಅಂದರೆ ಹೋಮಿಯೋಪತಿ ಪದವಿ ಪಡೆದ ನೋಂದಾಯಿತ ವೈದ್ಯರ ಹತ್ತಿರ ನೆಮ್ಮದಿ ಸಿಗುತ್ತಿದ್ದರೆ ಹೋಗಿ, ಬೇಡವೆನ್ನುವುದಿಲ್ಲ. ಆದರೆ ನಡೆಯುತ್ತಿರುವ ಔಷಧವನ್ನು ಅದಕ್ಕಾಗಿ ಬಿಡಬೇಡಿ. ಅನಾಹುತ ಆಗುವುದು ಅಲ್ಲೇ. ರುಮಟಾಯ್ಡ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಕೆಲವು ವಾರ ಏನೂ ಆಗಿಲ್ಲವೆನಿಸುತ್ತದೆ, ಅದರ ಪರಿಣಾಮ ನಿಧಾನವಾಗಿ ಇಳಿಯುವುದೇ ಕಾರಣ. ಆಮೇಲೆ ಕೀಲುಗಳೆಲ್ಲ ಒಟ್ಟಿಗೆ ಊದಿಕೊಳ್ಳುತ್ತವೆ. ಅದನ್ನು ‘ರೋಗ ಹೊರಬೀಳುತ್ತಿದೆ, ಒಳ್ಳೆಯ ಲಕ್ಷಣ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೆಥೊಟ್ರೆಕ್ಸೇಟ್ ಬಗ್ಗೆ ಇಲ್ಲೇ ಒಂದು ಮಾತು, ಇದು ಪ್ರಾಣದ ಪ್ರಶ್ನೆ. ಅದು ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ನುಂಗಿದರೆ ಬಾಯಿಹುಣ್ಣು, ಜ್ವರ ಬಂದು ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ಮಾತ್ರೆಯ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಭಾನುವಾರ ಮಾತ್ರ’ ಎಂದು ಬರೆದಿಡಿ. ಅದರ ಜೊತೆ ಬರೆದುಕೊಡುವ ಫೋಲಿಕ್ ಆಮ್ಲದ ಮಾತ್ರೆ ಬೇರೆ ದಿನಕ್ಕೆ. ಎರಡೂ ಹಳದಿ ಬಣ್ಣದವಾದರೆ ಅಜ್ಜ ಅಜ್ಜಿಯರಿಗೆ ಅದಲುಬದಲಾಗುವುದು ಸುಲಭ, ಒಂದೇ ಡಬ್ಬಿಯಲ್ಲಿ ಇಡಬೇಡಿ. ಶುರುವಿನಲ್ಲಿ ತಿಂಗಳಿಗೊಮ್ಮೆಯಂತೆ, ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ಮತ್ತು ಲಿವರ್ ಪರೀಕ್ಷೆ ಆಗಬೇಕು.

30ಸಿ ಗುಳಿಗೆಯಿಂದ ಡಾಕ್ಟರು ಬರೆದ ಮಾತ್ರೆಗಳ ಕೆಲಸಕ್ಕೆ ತೊಂದರೆಯಿಲ್ಲ. ಮದರ್ ಟಿಂಕ್ಚರ್, ಅಂದರೆ ಹಾಗೆ ತೆಳುಗೊಳಿಸದ ಮೂಲ ದ್ರವ, ಹಾಗಲ್ಲ, ಅದರಲ್ಲಿ ಗಿಡದ ಸಾರವೂ ಇದೆ, ಆಲ್ಕೋಹಾಲೂ ಇದೆ. ಗೌಟ್‌ಗೆ ಕೊಡುವ ಕಾಲ್ಚಿಕಂ ಟಿಂಕ್ಚರಿನಲ್ಲಿ ಇರುವುದು, ಡಾಕ್ಟರು ಬರೆದ ಕಾಲ್ಚಿಸಿನ್ ಮಾತ್ರೆಯಲ್ಲಿರುವ ವಸ್ತುವೇ. ಎರಡೂ ಸೇರಿದರೆ ಮಿತಿ ಮೀರಬಹುದು, ಕಿಡ್ನಿ ಸರಿಯಿಲ್ಲದವರಿಗೆ ಇನ್ನೂ ಅಪಾಯ. ಬಾಟಲಿಗಳನ್ನು ಇಬ್ಬರು ವೈದ್ಯರಿಗೂ ತೋರಿಸಿ. ಹೆಸರೇ ಇಲ್ಲದ ಪೊಟ್ಟಣದ ಪುಡಿ ತಿಂದು ಎರಡೇ ದಿನದಲ್ಲಿ ನೋವು ಮಾಯವಾಗಿ, ತಿಂಗಳೊಳಗೆ ಮುಖ ಊದಿ ಸಕ್ಕರೆ ಏರಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಬಲವಾಗಿರುತ್ತದೆ. ಅದನ್ನೂ ಒಮ್ಮೆಲೇ ನಿಲ್ಲಿಸಬೇಡಿ, ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ ಬಿಸಿಯೇರಿ ಊದಿದರೆ ಅದು ಕೀವಿನ ಸೋಂಕಿರಬಹುದು. ಆ ದಿನವೇ ಆಸ್ಪತ್ರೆಗೆ ಹೊರಡಿ, ಕಾಯುವ ಮಾತೇ ಇಲ್ಲ.

ಸವಕಳಿಯ ಮಂಡಿಗೆ ಎಲ್ಲ ಮದ್ದಿಗಿಂತ ಖಾತ್ರಿಯದು ತೊಡೆಯ ಸ್ನಾಯುವಿನ ಬಲ ಮತ್ತು ಇಳಿಸಿದ ತೂಕ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆಯಾಗುತ್ತದೆ. ನೂಲು ಬಿಚ್ಚುವವರು, ಕಳೆ ಕೀಳುವವರು ಕುಕ್ಕರಗಾಲಲ್ಲಿ ಕೂರುವ ಬದಲು ಗಿಡ್ಡ ಮಣೆಯ ಮೇಲೆ ಕೂತು, ಅರ್ಧ ಗಂಟೆಗೊಮ್ಮೆ ಎದ್ದು ಕಾಲು ಚಾಚಬೇಕು. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ಹೆಚ್ಚಿನವರು ನೋಯುವ ಕಡೆಗೇ ಹಿಡಿಯುತ್ತಾರೆ, ಅದು ತಪ್ಪು.

ಮಾತು ಸಾಕು, ವ್ಯಾಯಾಮವನ್ನು ಈಗಲೇ ಮಾಡಿಬಿಡೋಣ. ಮಂಡಿ ಊದಿ ಬಿಸಿಯಾಗಿರುವವರು ಸುಮ್ಮನೆ ನೋಡಿ, ಉಳಿದವರು ಕುರ್ಚಿಗೆ ಬೆನ್ನು ಕೊಟ್ಟು ಕೂರಿ. ಬಲಗಾಲನ್ನು ನಿಧಾನವಾಗಿ ಎತ್ತಿ ನೆಟ್ಟಗೆ ಚಾಚಿ. ಪಾದದ ಬೆರಳುಗಳು ನಿಮ್ಮ ಕಡೆಗೆ ಬರಲಿ. ತೊಡೆಯ ಮೇಲೆ ಕೈಯಿಡಿ, ಕಲ್ಲಿನಂತೆ ಗಟ್ಟಿಯಾಗಬೇಕು. ಉಸಿರು ಕಟ್ಟಬೇಡಿ. ಒಂದು, ಎರಡು, ಮೂರು, ನಾಲ್ಕು, ಐದು. ಧೊಪ್ಪನೆ ಬಿಡದೆ ಮೆಲ್ಲಗೆ ಇಳಿಸಿ. ಹತ್ತು ಸಲ ಬಲಕ್ಕೆ, ಹತ್ತು ಸಲ ಎಡಕ್ಕೆ, ದಿನಕ್ಕೆ ಮೂರು ಹೊತ್ತು. ಈಗ ಎಡಗಾಲು.