ಬೀಜಕ್ಕಿಂತ ಮೊದಲು ಮಣ್ಣು

ಕೇಳುಗರೇ, ನಮಸ್ಕಾರ.

ಶಿರಸಿಯ ನಮ್ಮ ಅಡಿಕೆ ತೋಟದಲ್ಲಿ ಮಳೆ ಹಿಡಿಯುವ ಮೊದಲೇ ಮರವೇರಿ ಕೆಲಸ ಮಾಡುವ ಕೊನೆಗೌಡ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತಾನೆ. ಕೊಳೆ ಒಂದು ಅಡಿಕೆ ಗೊನೆಯಿಂದ ಇನ್ನೊಂದಕ್ಕೆ ಹಬ್ಬಿದ ಮೇಲೆ ಎಷ್ಟು ಹೊಡೆದರೂ ನಷ್ಟ ನಷ್ಟವೇ. ನಮ್ಮ ಅತ್ತೆಯ ಕಾಯಿಲೆಯೂ ಹಾಗೆಯೇ ಆಯಿತು. ಸ್ತನದ ಗಡ್ಡೆ ತೆಗೆದರು, ಗಾಯ ಮಾಯಿತು, ಅತ್ತೆ ಮತ್ತೆ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಕುಳಿತರು. ಎರಡು ವರ್ಷದ ಮೇಲೆ ಸೊಂಟ ನೋವೆಂದರು. ಕ್ಯಾನ್ಸರ್ ಎಲುಬಿಗೆ ಇಳಿದಿತ್ತು.

ಎಲುಬಿಗೇ ಏಕೆ? 1889ರಲ್ಲಿ ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆ ನೋಡಿ, ಬೀಜ ಎಲ್ಲೆಡೆ ಹಾರಿದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಮಣ್ಣನ್ನು ಗಡ್ಡೆಯೇ ಮುಂಚಿತವಾಗಿ ಹದಮಾಡಿಸುತ್ತದೆ ಎಂಬುದು ತಿಳಿದದ್ದು ನಮ್ಮ ಕಾಲದಲ್ಲಿ.

ಜೀವಕೋಶಗಳು ತಮ್ಮ ಪೊರೆಯಲ್ಲೇ ಸುತ್ತಿದ ಕಿರುಚೀಲಗಳನ್ನು ಹೊರಬಿಡುತ್ತವೆ; ಗಡ್ಡೆ ಮಣ್ಣು ಹದಮಾಡಿಸುವುದು ಇವುಗಳ ಕೈಯಿಂದ. ಎಕ್ಸೊಸೋಮ್ ಎಂಬ ಬಗೆಯದಂತೂ ಕೂದಲಿನ ಅಗಲದಲ್ಲಿ ನೂರಾರು ಹಿಡಿಸುವಷ್ಟು ಸಣ್ಣದು. 1983ರಲ್ಲಿ ಕುರಿಯ ಎಳೆಯ ರಕ್ತಕಣಗಳಲ್ಲಿ ಇವನ್ನು ಕಂಡಾಗ ಬಹುಮಂದಿ ಕಸವೆಂದೇ ಎಣಿಸಿದರು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇವುಗಳೊಳಗೆ ಜೀನಿನ ಸಂದೇಶ ಹೊರುವ ಆರ್‌ಎನ್‌ಎ ಇರುವುದನ್ನು ತೋರಿಸಿದರು. ಕಸವೆಂದುಕೊಂಡದ್ದು ಕೋಶದಿಂದ ಕೋಶಕ್ಕೆ ಹೋಗುವ ಟಪಾಲಾಗಿತ್ತು. ಗಡ್ಡೆಯ ಚೀಲಗಳ ಮೈಮೇಲಿನ ಪ್ರೋಟೀನು ನೋಡಿ ಅವು ಹೋಗುವುದು ಶ್ವಾಸಕೋಶಕ್ಕೋ ಯಕೃತ್ತಿಗೋ ಎಂದು ಹೇಳಬಹುದೆಂದು 2015ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಲೈಡನ್ ತಂಡ ತೋರಿಸಿತು.

ಹಾಗಾದರೆ ಅದೇ ಚೀಲದಲ್ಲಿ ನಾವು ಔಷಧಿ ಕಳಿಸಬಾರದೇ? 2017ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ವಿಜ್ಞಾನಿ ರಘು ಕಲ್ಲೂರಿ ತಂಡ, ಕ್ಯಾನ್ಸರ್ ಬೆಳೆಸುವ ಕೆಟ್ಟ ಕೆ-ರಾಸ್ ಜೀನಿನ ಬಾಯಿ ಕಟ್ಟುವ ಆರ್‌ಎನ್‌ಎಯನ್ನು ಆರೋಗ್ಯವಂತ ಕೋಶಗಳ ಚೀಲದಲ್ಲಿ ತುಂಬಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿದ್ದ ಇಲಿಗಳಿಗೆ ಕೊಟ್ಟಿತು. ಇಲಿಗಳು ಹೆಚ್ಚು ಕಾಲ ಬದುಕಿದವು. ಇನ್ನೊಂದು ಬಗೆ ನನಗೆ ಇನ್ನೂ ಹಿಡಿಸಿದ್ದು. ಚೀಲದಲ್ಲಿ ಒಂದು ಜೀನ್ ಹೋಗುತ್ತದೆ, ಗಡ್ಡೆಯ ಕೋಶ ಅದನ್ನು ಓದಿ ಒಂದು ಕಿಣ್ವ ತಯಾರಿಸುತ್ತದೆ. ಆಮೇಲೆ ಕೊಡುವ ನಿರುಪದ್ರವಿ ಔಷಧಿ ಆ ಕಿಣ್ವ ಇದ್ದಲ್ಲಿ ಮಾತ್ರ ವಿಷವಾಗುತ್ತದೆ.

ತೊಡಕೂ ಇದೆ. ರಕ್ತಕ್ಕೆ ಬಿಟ್ಟ ಚೀಲಗಳಲ್ಲಿ ಬಹುಪಾಲು ಯಕೃತ್ತಿನಲ್ಲೇ ಸಿಕ್ಕಿಕೊಳ್ಳುತ್ತವೆ. ದೊಡ್ಡ ಜೀನನ್ನು ಒಳಗೆ ತುಂಬುವುದೂ ಸುಲಭವಲ್ಲ. ನಮ್ಮೂರ ಆಸ್ಪತ್ರೆಗೆ ಇದು ನಾಳೆಯೇ ಬರುವುದಿಲ್ಲ.

ಅತ್ತೆ ಆ ಸೊಂಟ ನೋವನ್ನು ಸುಲಿಗೆಯ ನೋವೆಂದು ಎರಡು ತಿಂಗಳು ಎಣ್ಣೆ ತಿಕ್ಕಿಕೊಂಡಿದ್ದರು. ಚಿಕಿತ್ಸೆ ಮುಗಿಸಿ ಮನೆಗೆ ಬಂದ ಅಕ್ಕಂದಿರೇ, ಹೊಸದಾದ ನೋವು ಒಂದೆರಡು ವಾರ ಬಿಡದಿದ್ದರೆ ದಯವಿಟ್ಟು ವೈದ್ಯರಿಗೆ ಹೇಳಿ.

ನಮಸ್ಕಾರ.