ವಾಪಸ್ ಹೋಗುವ ದಾರಿ ಮುಚ್ಚುವುದು ಹೇಗೆ: ಜೋನ್ಸ್‌ಟೌನ್ ಕಲಿಸುವ ಪಾಠ

ಎಲ್ಲರಿಗೂ ನಮಸ್ಕಾರ.

1978ರ ನವೆಂಬರ್ 18ರಂದು ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ, ಪೀಪಲ್ಸ್ ಟೆಂಪಲ್ ಎಂಬ ಪಂಥದ ಕಾರಣದಿಂದ ಒಂದೇ ದಿನ 918 ಜನ ಸತ್ತರು. ಅವರಲ್ಲಿ 909 ಮಂದಿ ಸತ್ತದ್ದು ಕಾಡು ಕಡಿದು ಕಟ್ಟಿದ್ದ ಜೋನ್ಸ್‌ಟೌನ್ ಎಂಬ ವಸಾಹತಿನಲ್ಲಿ. ಹೆಚ್ಚಿನವರು ಸತ್ತದ್ದು ವಿಷ ಬೆರೆಸಿದ ಪಾನಕದಿಂದ. ಸುಮಾರು 300 ಮಂದಿ ಮಕ್ಕಳು. ಇದನ್ನು ಕೇಳಿದ ಯಾರಿಗಾದರೂ ಮೊದಲು ಬಾಯಿಗೆ ಬರುವ ಪ್ರಶ್ನೆ, ‘ಅಷ್ಟು ಜನಕ್ಕೆ ಬುದ್ಧಿ ಎಲ್ಲಿ ಹೋಗಿತ್ತು?’ ಎಂಬುದು. ಈ ಪ್ರಶ್ನೆ ಹಿಡಿದು ಹೊರಟರೆ ಏನೂ ತಿಳಿಯುವುದಿಲ್ಲ. ವಿಷ ಕುಡಿಯುತ್ತೇನೆಂದು ಯಾರೂ ಆ ಪಂಥ ಸೇರಿರಲಿಲ್ಲ. ಪಂಥ ಕಟ್ಟಿದ ಗುರು ಜಿಮ್ ಜೋನ್ಸ್‌ನ ಮಾತಿನ ಮೋಡಿ ಜನರನ್ನು ಹೊಸ್ತಿಲು ದಾಟಿಸಿತು, ಅಷ್ಟೇ. ಅಲ್ಲಿಂದ ಮುಂದೆ ಅವರನ್ನು ಹಿಡಿದಿಟ್ಟದ್ದು ಹಣ, ನಿದ್ದೆಗೇಡು, ಸಹಿ ಹಾಕಿಸಿಕೊಂಡ ಕಾಗದ ಮತ್ತು ಪಕ್ಕದವರ ಕಣ್ಣು.

ಸೇರಿದವರು ಏನು ನೋಡಿ ಸೇರಿದರು? 1950ರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಕರಿಯರೂ ಬಿಳಿಯರೂ ಒಂದೇ ಬೆಂಚಿನ ಮೇಲೆ ಕೂತು ಪ್ರಾರ್ಥಿಸುವ ಚರ್ಚು ಅಪರೂಪ. ಜೋನ್ಸ್ ಅಂಥದ್ದನ್ನು ಕಟ್ಟಿದ. ಬಡವರಿಗೆ ಉಚಿತ ಊಟ ಹಾಕಿಸಿದ, ವೃದ್ಧರಿಗೆ ಆಸರೆ ಕೊಟ್ಟ, ಬೇರೆ ಬೇರೆ ವರ್ಣದ ಮಕ್ಕಳನ್ನು ದತ್ತು ತೆಗೆದುಕೊಂಡ. 1960ರ ದಶಕದ ಆರಂಭದಲ್ಲಿ ಆ ನಗರದ ಮಾನವ ಹಕ್ಕುಗಳ ಆಯೋಗದ ನಿರ್ದೇಶಕನೂ ಆದ. 1965ರಲ್ಲಿ ಪಂಥ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. 1970ರ ದಶಕದ ನಡುಭಾಗಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ರಾಜಕಾರಣಿಗಳು ಚುನಾವಣೆಗೆ ಇವನ ಜನಬಲ ಕೇಳಿ ಬರುವಂತಾಯಿತು. ಬಂದವರಲ್ಲಿ ಬಹುಪಾಲು ಕರಿಯರು, ಅದರಲ್ಲೂ ಹೆಂಗಸರು ಹೆಚ್ಚು. ಜೀವನವಿಡೀ ಅವಮಾನ ಉಂಡವರಿಗೆ ಇಲ್ಲಿ ಮರ್ಯಾದೆ ಸಿಕ್ಕಿತು, ಕೆಲಸ ಸಿಕ್ಕಿತು, ಆಸ್ಪತ್ರೆ ಕೋರ್ಟುಗಳಿಗೆ ಜೊತೆಗೆ ಬರುವವರು ಸಿಕ್ಕಿದರು. ಅವರಿಗೆ ಸಿಕ್ಕಿದ್ದು ನಿಜವಾದ ಒಳಿತು ಎಂಬುದನ್ನು ಒಪ್ಪಿಕೊಳ್ಳದೆ ಮುಂದಿನದು ಅರ್ಥವಾಗುವುದಿಲ್ಲ.

ಅದರ ಮೇಲೆ ಪವಾಡ ಬಂತು. ಅದಕ್ಕೆ ದೊಡ್ಡ ತಯಾರಿ ಇರುತ್ತಿತ್ತು. ಹೊಸಬರನ್ನು ಬಾಗಿಲಲ್ಲೇ ನಗುನಗುತ್ತ ಮಾತಾಡಿಸಿ ವಿವರ ಗುರುತು ಮಾಡಿಕೊಳ್ಳುವವರಿದ್ದರು. ಕೆಲವರ ಮನೆಗೆ ಯಾವುದೋ ನೆಪದಲ್ಲಿ ಹೋಗಿ ಔಷಧಿ ಡಬ್ಬಿ, ಕಸದ ಬುಟ್ಟಿ ನೋಡಿ ಬರುವವರೂ ಇದ್ದರು. ಸಭೆಯಲ್ಲಿ ಜೋನ್ಸ್ ಕಣ್ಣು ಮುಚ್ಚಿ, ‘ನಿನ್ನ ಮನೆಯ ಗೂಡಿನಲ್ಲಿ ಇಂಥ ಮಾತ್ರೆ ಇದೆ’ ಎಂದಾಗ ಎದುರಿಗಿದ್ದವರು ನಡುಗದೆ ಇರುತ್ತಾರೆಯೇ? ಇನ್ನೊಂದು, ಕ್ಯಾನ್ಸರ್ ಗಡ್ಡೆ ತೆಗೆಯುವ ಆಟ. ರೋಗಿಯನ್ನು ಒಳಗೆ ಕರೆದುಕೊಂಡು ಹೋಗಿ, ಕರವಸ್ತ್ರದಲ್ಲಿ ಹಸಿ ಮಾಂಸದ ತುಂಡು ಹಿಡಿದು ಹೊರಗೆ ತಂದು ತೋರಿಸುತ್ತಿದ್ದರು. ಅದು ಕೋಳಿಯ ಒಳಭಾಗ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಮೋಸದಲ್ಲಿ ಕೈಜೋಡಿಸಿದ ಹತ್ತಿರದ ಶಿಷ್ಯರಿಗೆ ಸತ್ಯ ಗೊತ್ತಿತ್ತು. ಒಳ್ಳೆಯ ಕೆಲಸಕ್ಕೆ ಜನ ಸೇರಬೇಕು, ಅದಕ್ಕಾಗಿ ಇಷ್ಟು ಸುಳ್ಳು ನಡೆಯುತ್ತದೆ ಎಂದು ಅವರು ಸಮಾಧಾನ ಮಾಡಿಕೊಂಡರು. ಒಮ್ಮೆ ಮೋಸದ ಪಾಲುದಾರರಾದ ಮೇಲೆ ಬಾಯಿ ಬಿಟ್ಟರೆ ತಮ್ಮ ತಪ್ಪೂ ಬಯಲಾಗುತ್ತದೆ. ಒಳವಲಯದವರನ್ನು ಕಟ್ಟಿಹಾಕಿದ್ದು ಇದೇ ಭಯ.

ಈಗ ಹಣದ ಲೆಕ್ಕ. ಮೊದಲು ಸಂಪಾದನೆಯ ಶೇ. 10 ಕಾಣಿಕೆ. ಆಮೇಲೆ ಶೇ. 25. ಆಮೇಲೆ ಸಂಬಳ, ಪಿಂಚಣಿ, ಮನೆಪತ್ರ ಎಲ್ಲವೂ ಪಂಥಕ್ಕೆ. ಒಟ್ಟಿಗೆ ಬಾಳುವ ಮನೆಗಳಲ್ಲಿ ವಾಸ, ಕೈಖರ್ಚಿಗೆ ವಾರಕ್ಕೆ ಎರಡು ಡಾಲರ್. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸ್ವಲ್ಪವೇ ಎತ್ತರ, ಆದ್ದರಿಂದ ಯಾವ ಮೆಟ್ಟಿಲಲ್ಲೂ ‘ಇದು ಅತಿಯಾಯಿತು’ ಎಂದು ನಿಲ್ಲುವುದು ಸುಲಭವಾಗಲಿಲ್ಲ. ಮನೆ ಮಾರಿಕೊಟ್ಟವರು ಅನುಮಾನ ಬಂದರೆ ಹೋಗುವುದಾದರೂ ಎಲ್ಲಿಗೆ? ‘ಇದೆಲ್ಲ ಸುಳ್ಳು’ ಎಂದು ಒಪ್ಪಿಕೊಂಡರೆ ಕೊಟ್ಟ ಮನೆಯೂ ಕಳೆದ ವರ್ಷಗಳೂ ವ್ಯರ್ಥವಾದವೆಂದು ಒಪ್ಪಿಕೊಂಡಂತೆ. ಅದಕ್ಕಿಂತ ಇನ್ನಷ್ಟು ನಂಬುವುದೇ ಮನಸ್ಸಿಗೆ ಹಗುರ.

ಜೊತೆಗೆ ಕಾಗದ. ಸದಸ್ಯರಿಂದ ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮಾಡದ ಅಪರಾಧಗಳನ್ನು, ಸ್ವಂತ ಮಕ್ಕಳ ಮೇಲೆ ದೌರ್ಜನ್ಯ ಮಾಡಿದ್ದೇನೆ ಎಂಬಂಥವನ್ನೂ, ನಿಷ್ಠೆಯ ಪರೀಕ್ಷೆಯೆಂದು ಬರೆಸಿಕೊಳ್ಳುತ್ತಿದ್ದರು. ಬಿಟ್ಟುಹೋದವರ ಮೇಲೆ ಅದನ್ನೇ ಬಳಸಬಹುದಿತ್ತು. ತುಂಬಿದ ಸಭೆಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, ಅವರ ಗಂಡ, ಹೆಂಡತಿ, ಗೆಳೆಯರಿಂದಲೇ ದೂರು ಹೇಳಿಸಿ ಬೈಸುತ್ತಿದ್ದರು, ಹೊಡೆಸುತ್ತಲೂ ಇದ್ದರು. ಇದರ ಪರಿಣಾಮವನ್ನು ಗಮನಿಸಿ. ಯಾರೂ ಯಾರ ಹತ್ತಿರವೂ ಮನಸ್ಸು ಬಿಚ್ಚುವಂತಿಲ್ಲ. ನೂರು ಜನಕ್ಕೆ ಅನುಮಾನವಿದ್ದರೂ ಪ್ರತಿಯೊಬ್ಬರೂ ‘ನನಗೊಬ್ಬನಿಗೇ ಹೀಗೆ ಅನಿಸುತ್ತಿದೆ, ತಪ್ಪು ನನ್ನದೇ’ ಎಂದುಕೊಳ್ಳುತ್ತಾರೆ. ಇಡೀ ಯಂತ್ರದ ಕೀಲಿ ಇದೇ ಎಂದು ನನ್ನ ತಿಳಿವಳಿಕೆ.

1977ರಲ್ಲಿ ಒಂದು ಪತ್ರಿಕೆ ಒಳಗಿನ ಹಿಂಸೆಯನ್ನು ಬಯಲು ಮಾಡುವ ಹೊತ್ತಿಗೆ ಜೋನ್ಸ್ ಗಯಾನಾ ಸೇರಿದ್ದ. ನೂರಾರು ಅನುಯಾಯಿಗಳು ಹಿಂಬಾಲಿಸಿದರು. ಅಲ್ಲಿಗೆ ಕಾಲಿಟ್ಟವರ ಪಾಸ್‌ಪೋರ್ಟನ್ನು ಕಿತ್ತಿಟ್ಟುಕೊಂಡರು. ಪತ್ರಗಳನ್ನು ಒಡೆದು ಓದುತ್ತಿದ್ದರು. ಪಂಥದ ಹಣಕಾಸು ನೋಡುತ್ತಿದ್ದ ಡೆಬೊರಾ ಲೇಟನ್ 1978ರ ಮೇ ತಿಂಗಳಲ್ಲಿ ತಪ್ಪಿಸಿಕೊಂಡು ಬಂದು ಪ್ರಮಾಣಪತ್ರ ಸಲ್ಲಿಸಿದರು. ಅದರಲ್ಲಿ ದಿನಚರಿ ಸ್ಪಷ್ಟವಾಗಿದೆ: ವಾರಕ್ಕೆ ಆರು ದಿನ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಹೊಲದ ಕೆಲಸ, ಭಾನುವಾರ ಮಧ್ಯಾಹ್ನ 2ರವರೆಗೆ. ಬೆಳಿಗ್ಗೆ ಅನ್ನ, ಮಧ್ಯಾಹ್ನ ಗಂಜಿ, ರಾತ್ರಿ ಅನ್ನ ಮತ್ತು ಕಾಳು. ಭಾನುವಾರ ಒಂದು ಮೊಟ್ಟೆ, ಒಂದು ಬಿಸ್ಕತ್ತು. ಧ್ವನಿವರ್ಧಕದಲ್ಲಿ ಜೋನ್ಸ್‌ನ ಮಾತು ದಿನಕ್ಕೆ ಸರಾಸರಿ ಆರು ಗಂಟೆ. ರಾತ್ರಿ ಮತ್ತೆ ಸಭೆ. ಅರೆಹೊಟ್ಟೆ, ಅರೆನಿದ್ದೆ, ಕಿವಿಗೆ ಬೀಳುವ ಲೋಕದ ಸುದ್ದಿಯೂ ಅವನ ಬಾಯಿಂದಲೇ. ಈ ಸ್ಥಿತಿಯಲ್ಲಿ ಎಂಥ ಜಾಣರಿಗಾದರೂ ವಿಚಾರ ಮಾಡುವ ಕಸುವು ಉಳಿಯುವುದಿಲ್ಲ.

ಸಾವಿನ ಅಭ್ಯಾಸವೂ ನಡೆಯುತ್ತಿತ್ತು. ‘ಬಿಳಿ ರಾತ್ರಿ’ ಎಂದು ಕರೆಯುತ್ತಿದ್ದ ಆ ರಾತ್ರಿಗಳಲ್ಲಿ ಸೈರನ್ ಕೂಗಿಸಿ, ಶತ್ರುಗಳು ಸುತ್ತುವರಿದಿದ್ದಾರೆ ಎಂದು ಎಲ್ಲರನ್ನೂ ಸೇರಿಸುತ್ತಿದ್ದರು. ಅಂಥದೊಂದು ರಾತ್ರಿ ಮಕ್ಕಳೂ ಸೇರಿ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿ ಕೆಂಪು ಪಾನಕ ಕುಡಿಸಿದರು. ವಿಷವಿದೆ, 45 ನಿಮಿಷದಲ್ಲಿ ಸಾಯುತ್ತೀರಿ ಎಂದರು. ಹೊತ್ತು ಕಳೆದ ಮೇಲೆ ಇದು ಪರೀಕ್ಷೆ ಎಂದರು. ಇದರಿಂದ ಎರಡು ಕೆಲಸವಾಯಿತು. ಯಾರು ಹಿಂಜರಿಯುತ್ತಾರೆ ಎಂದು ಜೋನ್ಸ್‌ಗೆ ಗೊತ್ತಾಯಿತು. ನಿಜವಾದ ದಿನ ಬಂದಾಗ ಇದೂ ಸುಳ್ಳೇ ಇರಬಹುದು ಎಂದುಕೊಳ್ಳಲು ಜನಕ್ಕೆ ಕಾರಣವೂ ಸಿಕ್ಕಿತು.

ಆ ದಿನ ತಂದದ್ದು ಅಮೆರಿಕದ ಸಂಸದ ಲಿಯೊ ರಯಾನ್ ಭೇಟಿ. ಪಂಥ ಬಿಟ್ಟು ಹದಿನೈದರಷ್ಟು ಜನ ಅವರ ಜೊತೆ ಹೊರಟರು. ಪೋರ್ಟ್ ಕೈಟುಮಾ ವಿಮಾನದಾಣದಲ್ಲಿ ಜೋನ್ಸ್‌ನ ಬಂಟರು ಗುಂಡು ಹಾರಿಸಿ ರಯಾನ್ ಸೇರಿ ಐವರನ್ನು ಕೊಂದರು. ಇತ್ತ ವಸಾಹತಿನ ಕೊನೆಯ ಸಭೆ ಧ್ವನಿಸುರುಳಿಯಲ್ಲಿ ದಾಖಲಾಗಿದೆ, ಸುಮಾರು 44 ನಿಮಿಷ. ಅದರಲ್ಲಿ ಕ್ರಿಸ್ಟೀನ್ ಮಿಲ್ಲರ್ ಎಂಬ ಹೆಂಗಸು ಎದ್ದು ನಿಂತು ವಾದಿಸುತ್ತಾರೆ: ರಷ್ಯಾಕ್ಕೆ ಹೋಗಬಹುದಲ್ಲ, ಕೂಸುಗಳಿಗೆ ಬದುಕುವ ಹಕ್ಕಿದೆಯಲ್ಲ? ಜೋನ್ಸ್ ತಾಳ್ಮೆಯಿಂದಲೇ ಉತ್ತರ ಕೊಡುತ್ತಾನೆ. ಕೂಗಿ ಅವರ ಬಾಯಿ ಮುಚ್ಚಿಸುವವರು ಸುತ್ತಲಿನ ಜನ. ಮಿಲ್ಲರ್ ಪರವಾಗಿ ನಾಲ್ಕು ದನಿ ಕೇಳಿಬಂದಿದ್ದರೆ ಏನಾಗುತ್ತಿತ್ತೋ. ಆಮೇಲೆ ಮೊದಲು ಮಕ್ಕಳಿಗೆ ವಿಷ ಕುಡಿಸಿದರು. ಸುತ್ತ ಬಂದೂಕು ಹಿಡಿದ ಕಾವಲು. ಮಕ್ಕಳ ವಿಷಯದಲ್ಲಂತೂ ಇದು ಕೊಲೆ, ಬೇರೆ ಮಾತೇ ಇಲ್ಲ.

ಅದೇ ದಿನ ಬೆಳಿಗ್ಗೆ ಹನ್ನೊಂದು ಜನ ವನಭೋಜನಕ್ಕೆ ಹೋಗುವವರಂತೆ ಹೊರಟು, ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಕಾಡಿನೊಳಗೆ ನಡೆದು ಪಾರಾದರು. ಒಬ್ಬರನ್ನೊಬ್ಬರು ನಂಬಿ ಗುಟ್ಟಾಗಿ ಮಾತಾಡಿಕೊಳ್ಳುವ ಸಣ್ಣ ಗುಂಪೊಂದು ಅವರಲ್ಲಿ ಹೇಗೋ ಉಳಿದುಕೊಂಡಿತ್ತು.

ನಿಮ್ಮ ಮನೆಯವರೋ ಸ್ನೇಹಿತರೋ ಇಂಥ ಗುಂಪಿಗೆ ಸಿಕ್ಕಿದ್ದಾರೆ ಎನಿಸಿದರೆ ಗುರುವನ್ನು ಬೈಯಲು ಹೋಗಬೇಡಿ. ಜೋನ್ಸ್ ವಿರುದ್ಧ ಹೊರಗಿನ ಸಂಬಂಧಿಕರು ಹೂಡಿದ ಮೊಕದ್ದಮೆ ನ್ಯಾಯವಾದದ್ದೇ, ಆದರೂ ‘ನೋಡಿ, ನಮ್ಮನ್ನು ಮುಗಿಸಲು ಬರುತ್ತಿದ್ದಾರೆ’ ಎಂದು ಹೇಳಲು ಅವನಿಗೆ ಅದೇ ಸಾಕಾಯಿತು. ಬದಲಿಗೆ ಸಣ್ಣ ಸಂಗತಿ ವಿಚಾರಿಸಿ: ರಾತ್ರಿ ಎಷ್ಟು ಗಂಟೆ ಮಲಗುತ್ತೀಯ, ಬ್ಯಾಂಕ್ ಪಾಸ್‌ಬುಕ್ ಯಾರ ಹತ್ತಿರ ಇದೆ, ಆಧಾರ್, ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇವೆಯಾ, ಖಾಲಿ ಕಾಗದಕ್ಕೆ ಸಹಿ ಮಾಡಿದ್ದೀಯಾ, ಕೇಳದೆ ಊರಿಗೆ ಬರಬಹುದಾ. ಉತ್ತರ ಹೇಳುವಾಗ ಅವರೇ ತಮ್ಮ ಮಾತನ್ನು ಕೇಳಿಸಿಕೊಳ್ಳುತ್ತಾರೆ. ಹಬ್ಬಕ್ಕೆ ಕರೆಯುವುದನ್ನು ಬಿಡಬೇಡಿ, ಹತ್ತು ಸಲ ಬರದಿದ್ದರೂ. ಬಿಟ್ಟು ಬಂದರೆ ಮಲಗಲು ಜಾಗವಿದೆ, ‘ನಾನು ಆಗಲೇ ಹೇಳಿರಲಿಲ್ಲವಾ’ ಎಂದು ಯಾರೂ ಹಂಗಿಸುವುದಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿರಬೇಕು. ಯಾರನ್ನಾದರೂ ಕೂಡಿಹಾಕಿದ್ದರೆ, ಮಕ್ಕಳಿಗೆ ಹೊಡೆತ ಬೀಳುತ್ತಿದ್ದರೆ ಮಾತ್ರ ಕಾಯಬೇಡಿ. ಅಂದೇ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಮಕ್ಕಳ ವಿಷಯವಾದರೆ 1098ಕ್ಕೆ ಫೋನ್ ಮಾಡಿ.